ಕೋಫು ಬಯಲಿನ ಜಲೋದರ

ಜಪಾನಿನ ಫುಜಿ ಪರ್ವತದ ಉತ್ತರಕ್ಕೆ, ನಾಲ್ಕೂ ಕಡೆ ಬೆಟ್ಟ ಸುತ್ತುವರಿದ ಒಂದು ಬಯಲಿದೆ. ಹೆಸರು ಕೋಫು, ಯಾಮಾನಾಶಿ ಪ್ರಾಂತಕ್ಕೆ ಸೇರಿದ್ದು. ಬೆಟ್ಟ ಇಳಿದು ಬರುವ ಫುಯೆಫುಕಿ ಮತ್ತು ಕಾಮಾನಾಶಿ ನದಿಗಳು ಬಯಲಿನ ದಕ್ಷಿಣದ ತಗ್ಗಿನಲ್ಲಿ ಕೂಡಿ, ಫುಜಿ ನದಿಯಾಗಿ ಕಡಲಿನ ಕಡೆಗೆ ಹೊರಡುತ್ತವೆ. ಬಯಲಿನ ಒಳ್ಳೆಯ ಭತ್ತದ ಗದ್ದೆಗಳೆಲ್ಲ ಈ ತಗ್ಗಿನಲ್ಲಿದ್ದವು. ಊರವರನ್ನು ತಲೆಮಾರುಗಳಿಂದ ತಿನ್ನುತ್ತಿದ್ದ ಕಾಯಿಲೆಯೂ ಅಲ್ಲೇ ಇತ್ತು. ನಾಟಿಯ ಕಾಲಕ್ಕೆ ಕಾಲಿನ ಮೇಲೆ ಗಂದೆ ಏಳುತ್ತಿತ್ತು, ಆಮೇಲೆ ಜ್ವರ, ರಕ್ತಭೇದಿ. ಕೆಲವರು ಅಲ್ಲಿಗೇ ಚೇತರಿಸಿಕೊಳ್ಳುತ್ತಿದ್ದರು. ಉಳಿದವರಿಗೆ ವರ್ಷಗಳು ಉರುಳಿದಂತೆ ಕೈಕಾಲು ಸೊರಗಿ, ಮುಖ ಬಿಳಿಚಿ, ಹೊಟ್ಟೆ ಮಾತ್ರ ನೀರು ತುಂಬಿ ಉಬ್ಬುತ್ತಿತ್ತು. ನಮ್ಮ ಹಳೆಯ ವೈದ್ಯರು ನೋಡಿದ್ದರೆ ಜಲೋದರ ಎನ್ನುತ್ತಿದ್ದರು. ಹೊಟ್ಟೆ ಉಬ್ಬಿತೆಂದರೆ ಮತ್ತೆ ಎದ್ದವರು ಅಪರೂಪ.

ರೋಗ ಎಷ್ಟು ಹಳೆಯದೆಂದು ಹೇಳುವುದು ಕಷ್ಟ. 1582ರಲ್ಲಿ ಟಕೇಡಾ ಮನೆತನ ಸೋತು ಓಡುತ್ತಿದ್ದಾಗ ಅವರ ಸೇನಾನಿ ಓಬಾಟಾ ಹೊಟ್ಟೆಯುಬ್ಬರದಿಂದ ಕುದುರೆ ಹತ್ತಲಾಗದೆ, ಪಲ್ಲಕ್ಕಿಯಲ್ಲಿ ಬಂದು ಒಡೆಯನಿಗೆ ಕೊನೆಯ ನಮಸ್ಕಾರ ಹೇಳಿದನೆಂದು 'ಕೋಯೋ ಗುಂಕಾನ್' ಎಂಬ ಹಳೆಯ ಯುದ್ಧವೃತ್ತಾಂತ ತಿಳಿಸುತ್ತದೆ. ಅದು ಈ ರೋಗವೇ ಇರಬೇಕೆಂದು ಮುಂದಿನವರು ಊಹಿಸಿದರು. ಚೀನಾದಲ್ಲಿ ಊಹೆಗಿಂತ ಗಟ್ಟಿಯಾದ ಸಾಕ್ಷಿ ಸಿಕ್ಕಿದೆ. ಚಾಂಗ್ಶಾ ನಗರದ ಬಳಿಯ ಮಾವಾಂಗ್‌ದುಯಿಯಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಹೂತಿದ್ದ ಶ್ರೀಮಂತ ಹೆಂಗಸಿನ ದೇಹ ಕೆಡದೆ ಉಳಿದಿತ್ತು. 1970ರ ದಶಕದಲ್ಲಿ ಅದನ್ನು ಪರೀಕ್ಷಿಸಿದಾಗ ಒಳಗೆ ಈ ರೋಗ ತರುವ ಪರಾವಲಂಬಿ ಹುಳುವಿನ ಮೊಟ್ಟೆಗಳು ಕಂಡವು.

ಈ ಕಾಯಿಲೆಯನ್ನು ಮೊದಲು ಕ್ರಮವಾಗಿ ಬರೆದಿಟ್ಟವರು ಕೋಫುವಿನಿಂದ ದೂರದ, ಈಗಿನ ಹಿರೋಷಿಮಾ ಪ್ರಾಂತದ ಹಳ್ಳಿವೈದ್ಯ ಫುಜಿಯಿ ಯೋಷಿನಾವೊ. ಅವರ ಊರಿನ ಬಳಿ ಕಾಟಾಯಾಮಾ ಎಂಬ ಪುಟ್ಟ ಗುಡ್ಡವಿತ್ತು. ಹಿಂದೆಂದೋ ಅರಗಿನ ವ್ಯಾಪಾರಿಯ ದೋಣಿ ಅಲ್ಲಿ ಮಗುಚಿ ಅರಗೆಲ್ಲ ನೀರಿಗೆ ಚೆಲ್ಲಿತು, ಅದಕ್ಕೇ ಗದ್ದೆಗಿಳಿದವರಿಗೆ ತುರಿಕೆ ಎಂದು ಜನ ಕಥೆ ಹೇಳುತ್ತಿದ್ದರು. ಫುಜಿಯಿ ಕಥೆಯನ್ನೂ ಬರೆದುಕೊಂಡರು, ಕಣ್ಣಾರೆ ಕಂಡದ್ದನ್ನೂ ಬರೆದರು. 1847ರ ಅವರ 'ಕಾಟಾಯಾಮಾ ಕಿ' ಎಂಬ ಬರಹದಲ್ಲಿ ಗಂದೆಯಿಂದ ಹೊಟ್ಟೆಯುಬ್ಬರದವರೆಗೆ ರೋಗದ ನಡೆ ಸಾಲಾಗಿ ಬರುತ್ತದೆ. ಆ ನೀರಿಗಿಳಿದ ದನಕರು, ಕುದುರೆಗಳೂ ಸೊರಗುತ್ತವೆಂಬ ಮಾತು ಅದರಲ್ಲಿದೆ. 

ಕೋಫುವಿನಲ್ಲಿ ಸರ್ಕಾರದ ಬಾಗಿಲು ಮೊದಲು ತಟ್ಟಿದವನು ಒಬ್ಬ ಊರ ಮುಖ್ಯಸ್ಥ. ಕಾಸುಗಾಯಿ ಎಂಬ ಹಳ್ಳಿಯ ಆತ 1881ರಲ್ಲಿ, ನಮ್ಮವರು ಹೊಟ್ಟೆ ಉಬ್ಬಿ ಸಾಯುತ್ತಿದ್ದಾರೆ, ಕಾರಣ ಹುಡುಕಿಸಿ ಎಂದು ಪ್ರಾಂತದ ಆಡಳಿತಕ್ಕೆ ಮನವಿ ಕೊಟ್ಟ. ವೈದ್ಯರು ಬಂದರು, ನೀರು ನೋಡಿದರು, ಮಲ ನೋಡಿದರು. ಸತ್ತವರ ದೇಹವನ್ನು ಕೊಯ್ದು ನೋಡದೆ ಮುಂದೆ ಹೋಗುವಂತಿರಲಿಲ್ಲ. ತಮ್ಮ ಮನೆಯವರ ಹೆಣವನ್ನು ಕೊಯ್ಯಲು ಯಾವ ರೈತಕುಟುಂಬವೂ ಒಪ್ಪಲಿಲ್ಲ.

ಒಪ್ಪಿದವರು ಸುಗಿಯಾಮಾ ನಾಕಾ. ಕಿಯೋತಾ ಹಳ್ಳಿಯ ಈ ರೈತಹೆಂಗಸಿಗೆ ಆಗ ಐವತ್ತು ದಾಟಿತ್ತು. ಹೊಟ್ಟೆ ಉಬ್ಬಿ ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳುತ್ತಿದ್ದ ವೈದ್ಯ ಯೋಷಿಯೋಕಾ ಜುನ್ಸಾಕುಗೆ ತನ್ನ ಕೈಯಲ್ಲಿ ಏನೂ ಆಗದೆಂದು ಗೊತ್ತಿತ್ತು, ನಾಕಾ ಅವರಿಗೂ ತಾನು ಉಳಿಯುವುದಿಲ್ಲವೆಂದು ಗೊತ್ತಿತ್ತು. ತಾನು ಸತ್ತ ಮೇಲೆ ದೇಹ ಕೊಯ್ದು ನೋಡಿ, ಊರಿನ ಉಳಿದವರಿಗಾದರೂ ದಾರಿ ಸಿಗಲಿ ಎಂದು ಅವರೇ ಬಾಯಿಬಿಟ್ಟು ಕೇಳಿಕೊಂಡರು. 1897ರ ಮೇ ಕೊನೆಯಲ್ಲಿ ಆ ಮಾತು ಅರ್ಜಿಯ ರೂಪದಲ್ಲಿ ಆಸ್ಪತ್ರೆಗೆ ಹೋಯಿತು, ಕೆಲವೇ ದಿನಗಳಲ್ಲಿ ನಾಕಾ ತೀರಿಕೊಂಡರು. ಕೋಫುವಿನ ಒಂದು ಬೌದ್ಧ ದೇವಾಲಯದ ಆವರಣದಲ್ಲಿ, ಸುತ್ತಮುತ್ತಲ ಹತ್ತಾರು ವೈದ್ಯರ ಎದುರಿಗೆ ಶವಪರೀಕ್ಷೆ ನಡೆಯಿತು. ಯಕೃತ್ತು ಗಂಟುಗಂಟಾಗಿತ್ತು. ಆ ಗಂಟುಗಳಲ್ಲಿ ಯಾರಿಗೂ ಗುರುತು ಸಿಗದ ಸೂಕ್ಷ್ಮ ಮೊಟ್ಟೆಗಳಿದ್ದವು. ಮೊಟ್ಟೆಯಿದ್ದ ಮೇಲೆ ಇಟ್ಟ ಜೀವಿಯೂ ಇರಲೇಬೇಕು. ಅದು ಮಾತ್ರ ಕಾಣಲಿಲ್ಲ. ನಾಕಾ ಅವರ ನೆನಪಿಗೆ ವೈದ್ಯರು ಮುಂದೆ ಅದೇ ದೇವಾಲಯದಲ್ಲಿ ಕಲ್ಲು ನಿಲ್ಲಿಸಿದರು.

ಬೆಕ್ಕು ತೋರಿಸಿದ ಹುಳು

ಆ ಜೀವಿಯನ್ನು ಹುಡುಕಲು ಹೊರಟವರು ಇಬ್ಬರು. ಒಬ್ಬರು ಓಕಾಮಾದಾ ಹಳ್ಳಿಯ ವೈದ್ಯ ಮಿಕಾಮಿ ಸಬುರೊ. ರೋಗಿಗಳ ಮಲದಲ್ಲಿ ವಿಚಿತ್ರ ಮೊಟ್ಟೆಗಳನ್ನು ಅವರು ಕಂಡಿದ್ದರು. ಇನ್ನೊಬ್ಬರು ಓಕಾಯಾಮಾ ವೈದ್ಯಕೀಯ ಶಾಲೆಯ ರೋಗಶಾಸ್ತ್ರದ ಪ್ರಾಧ್ಯಾಪಕ ಕತ್ಸುರಾದಾ ಫುಜಿರೊ. ಮೊಟ್ಟೆ ಕಂಡ ಕತ್ಸುರಾದಾಗೆ ಈಜಿಪ್ಟ್ ನೆನಪಾಯಿತು. 1851ರಲ್ಲಿ ಕೈರೋದ ಆಸ್ಪತ್ರೆಯಲ್ಲಿ ಜರ್ಮನ್ ವೈದ್ಯ ಥಿಯೊಡೋರ್ ಬಿಲ್ಹಾರ್ಜ್ ಮನುಷ್ಯನ ರಕ್ತನಾಳದೊಳಗೇ ವಾಸಿಸುವ ಹುಳುವೊಂದನ್ನು ಕಂಡುಹಿಡಿದಿದ್ದರು. ಇದೂ ಆ ಕುಲಕ್ಕೆ ಸೇರಿದ್ದಿರಬಹುದೆ? ಹೌದೆಂದಾದರೆ ಹುಳುವನ್ನು ಹುಡುಕಬೇಕಾದ್ದು ಕರುಳಿನಲ್ಲಲ್ಲ, ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ನಾಳದಲ್ಲಿ.

ಮನುಷ್ಯರ ಹೆಣ ಮತ್ತೆ ಸಿಗುವುದು ಕಷ್ಟವಿತ್ತು. ಆದರೆ ಆ ಊರಿನ ಬೆಕ್ಕುನಾಯಿಗಳಿಗೂ ಹೊಟ್ಟೆ ಉಬ್ಬುತ್ತಿತ್ತಲ್ಲ! 1904ರ ಏಪ್ರಿಲ್‌ನಲ್ಲಿ ಮಿಕಾಮಿಯವರ ಮನೆಯಲ್ಲೇ ಒಂದು ಸಾಕುಬೆಕ್ಕನ್ನು ಕೊಯ್ದರು. ಅದರ ಅಂಗಗಳನ್ನು ಕತ್ಸುರಾದಾ ಓಕಾಯಾಮಾಕ್ಕೆ ಕೊಂಡೊಯ್ದು ಮೇ 26ರಂದು ಪರೀಕ್ಷಿಸಿದಾಗ ರಕ್ತನಾಳದಲ್ಲಿ ಹುಳು ಸಿಕ್ಕಿತು. ನಾಲ್ಕೇ ದಿನದ ಅಂತರದಲ್ಲಿ ಕ್ಯೋಟೋದ ರೋಗಶಾಸ್ತ್ರಜ್ಞ ಫುಜಿನಾಮಿ ಅಕಿರಾ, ಕಾಟಾಯಾಮಾ ಕಡೆಯ ರೋಗಿಯೊಬ್ಬನ ಹೆಣದಲ್ಲಿ ಅದೇ ಹುಳುವನ್ನು ಕಂಡರು. ಬೆಕ್ಕಿನ ಹುಳುವೂ ಮನುಷ್ಯನ ಹುಳುವೂ ಒಂದೇ. ಕತ್ಸುರಾದಾ ಅದಕ್ಕೆ ಷಿಸ್ಟೊಸೋಮಾ ಜಪೋನಿಕಮ್ ಎಂದು ಹೆಸರಿಟ್ಟರು. ಸರಿಸುಮಾರು ಅದೇ ಕಾಲಕ್ಕೆ ಸಿಂಗಪುರದಲ್ಲಿ ಬ್ರಿಟಿಷ್ ವೈದ್ಯ ಜಾನ್ ಕ್ಯಾಟೊ ಚೀನೀ ರೋಗಿಯ ಹೆಣದಲ್ಲಿ ಈ ಹುಳುವನ್ನೇ ಕಂಡಿದ್ದರು. ಕೋಫುವಿನವರು ತಮ್ಮೊಬ್ಬರದೇ ಶಾಪವೆಂದುಕೊಂಡಿದ್ದ ರೋಗ ಪೂರ್ವ ಏಷ್ಯಾದ ಉದ್ದಗಲಕ್ಕೆ ಹರಡಿತ್ತು.

ಈ ಹುಳು ಸುಮಾರು ಎರಡು ಸೆಂಟಿಮೀಟರ್ ಉದ್ದ. ಚಪ್ಪಟೆಯಾದ ಗಂಡು ತನ್ನ ಮೈಯನ್ನು ಮಡಿಸಿ ಮಾಡಿದ ತೋಡಿನಲ್ಲಿ ದಾರದೆಳೆಯಂಥ ಹೆಣ್ಣನ್ನು ಅಪ್ಪಿಕೊಂಡಿರುತ್ತದೆ. ಆ ಸ್ಥಿತಿಯಲ್ಲೇ ಜೋಡಿ ವರ್ಷಗಟ್ಟಲೆ ಬದುಕಿ, ಹೆಣ್ಣು ದಿನಕ್ಕೆ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ರೋಗ ಹುಟ್ಟುವುದು ಹುಳುವಿಗಿಂತ ಹೆಚ್ಚಾಗಿ ಈ ಮೊಟ್ಟೆಗಳಿಂದ. ಕೆಲವು ಮೊಟ್ಟೆ ಕರುಳಿನ ಗೋಡೆ ಸೀಳಿ ಮಲದ ಜೊತೆ ಹೊರಬೀಳುತ್ತವೆ. ಉಳಿದವು ರಕ್ತದ ಜೊತೆ ತೇಲಿ ಯಕೃತ್ತಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅವುಗಳ ಸುತ್ತ ಗಂಟು ಕಟ್ಟಿ, ಯಕೃತ್ತು ನಾರುಗಟ್ಟಿ, ರಕ್ತಕ್ಕೆ ಹಾದಿ ಮುಚ್ಚುತ್ತದೆ. ಗುಲ್ಮ ಊದುತ್ತದೆ, ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ನಾಕಾ ಅವರ ಯಕೃತ್ತಿನಲ್ಲಿ ಕಂಡದ್ದು ಇದೇ.

ಬಾಯಿಂದಲೋ, ಕಾಲಿಂದಲೋ

ಇನ್ನು ಉಳಿದ ಪ್ರಶ್ನೆ, ಹುಳು ಮೈಗೆ ಸೇರುವುದು ಹೇಗೆ? ಕುಡಿಯುವ ನೀರಿನಿಂದ ಎಂದು ಬಹುಮಂದಿ ವೈದ್ಯರು ನಂಬಿದ್ದರು, ನೀರು ಕಾಯಿಸಿ ಕುಡಿಯಿರಿ ಎಂದು ಊರೂರಿಗೆ ಹೇಳುತ್ತಿದ್ದರು. ರೈತರ ಅನುಭವವೇ ಬೇರೆ. ಗಂದೆ ಏಳುವುದು ಕಾಲಿನಲ್ಲಿ, ಗದ್ದೆಗಿಳಿದ ದಿನ. 1909ರಲ್ಲಿ ಫುಜಿನಾಮಿ ಮತ್ತು ಅವರ ಸಹಾಯಕ ನಾಕಾಮುರಾ ಈ ಜಗಳವನ್ನು ದನಗಳ ಮೂಲಕ ಬಿಡಿಸಲು ಕಾಟಾಯಾಮಾಕ್ಕೆ ಹೋದರು. ಕೆಲವು ದನಗಳ ಬಾಯಿಗೆ ಕುಕ್ಕೆ ಕಟ್ಟಿ, ಒಂದು ಗುಟುಕೂ ಕುಡಿಯದಂತೆ ಮಾಡಿ ನೀರಿನಲ್ಲಿ ನಿಲ್ಲಿಸಿದರು. ಇನ್ನು ಕೆಲವಕ್ಕೆ ಕಾಲಿಗೆ ನೀರು ತಾಗದಂತೆ ಹೊದಿಕೆ ಸುತ್ತಿ, ಮೇಯಲು ಕುಡಿಯಲು ಬಿಟ್ಟರು. ಬಾಯಿ ಕಟ್ಟಿದ ದನಗಳ ಮೈತುಂಬ ಹುಳು ಸಿಕ್ಕಿತು, ಕಾಲು ಮುಚ್ಚಿದವು ಪಾರಾದವು. ಹುಳು ಬರುವುದು ಚರ್ಮ ಕೊರೆದುಕೊಂಡು. ಬೇರೆ ಕಡೆ ನಾಯಿ, ಬೆಕ್ಕುಗಳ ಮೇಲೆ ನಡೆದ ಪ್ರಯೋಗಗಳೂ ಅದನ್ನೇ ಹೇಳಿದವು.

ಈ ಸತ್ಯದಿಂದ ಊರಿಗೆ ಸಮಾಧಾನವೇನೂ ಆಗಲಿಲ್ಲ. ನೀರು ಕಾಯಿಸಿ ಕುಡಿಯಬಹುದು, ಗದ್ದೆಯ ನೀರನ್ನೆಲ್ಲ ಕಾಯಿಸುವುದು ಎಲ್ಲಿ? ನಾಟಿ ಮಾಡಬೇಕು, ಕಳೆ ಕೀಳಬೇಕು, ಕಾಲುವೆಯ ಹೂಳೆತ್ತಬೇಕು, ಬಟ್ಟೆ ಒಗೆಯಬೇಕು. ಬೇಸಗೆಯಲ್ಲಿ ಮಕ್ಕಳು ನೀರಿಗೆ ಬೀಳದೆ ಬಿಡುವುದಿಲ್ಲ. 1917ರಲ್ಲಿ ಯಾಮಾನಾಶಿಯ ಶಾಲಾಮಕ್ಕಳಿಗೆ ಬಣ್ಣದ ಚಿತ್ರಗಳ ಒಂದು ಪುಸ್ತಕ ಹಂಚಿದರು. ಹುಳು ಹೇಗೆ ಬರುತ್ತದೆ, ನೀರಿಗೇಕೆ ಇಳಿಯಬಾರದು ಎಂದು ಅದರಲ್ಲಿ ಕಥೆಯಾಗಿ ಹೇಳಿತ್ತು. ಮಕ್ಕಳು ಓದಿದರು, ಮನೆಗೆ ಬಂದು ಹೇಳಿದರು. ಮರುದಿನ ಅಪ್ಪ ಅಮ್ಮ ಬರಿಗಾಲಲ್ಲೇ ಗದ್ದೆಗಿಳಿದರು. ಅಕ್ಕಿ ಬೇಕಾದವರಿಗೆ ಬೇರೆ ದಾರಿಯಿರಲಿಲ್ಲ.

ಅಷ್ಟರಲ್ಲಿ ಸರಪಳಿಯ ಕೊನೆಯ ಕೊಂಡಿ ದಕ್ಷಿಣದ ಕ್ಯೂಷು ದ್ವೀಪದಲ್ಲಿ ಸಿಕ್ಕಿತ್ತು. ಚಿಕುಗೊ ನದಿಯ ಬಯಲೂ ಇದೇ ರೋಗದ ನೆಲೆ. 1913ರಲ್ಲಿ ಕ್ಯೂಷು ವಿಶ್ವವಿದ್ಯಾಲಯದ ಮಿಯಾಯಿರಿ ಕೇನೊಸುಕೆ ಮತ್ತು ಸಹಾಯಕ ಸುಜುಕಿ ಮಿನೋರು ಸಾಗಾ ಪ್ರಾಂತದ ಹಳ್ಳಿಯೊಂದಕ್ಕೆ ಹೋದರು. ಅಲ್ಲಿಯ ಒಂದು ಕಾಲುವೆಗೆ ಇಳಿದರೆ ಮೈ ತುರಿಸುವುದು ಖಂಡಿತ ಎಂದು ಊರವರಿಗೆಲ್ಲ ಗೊತ್ತಿತ್ತು. ಅದರ ದಂಡೆಯ ಕೆಸರಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ಉದ್ದ ಚಿಪ್ಪಿನ ಬಸವನಹುಳುಗಳು ಮುತ್ತಿಕೊಂಡಿದ್ದವು. ಮೊಟ್ಟೆಯೊಡೆದು ಬಂದ ಮರಿಗಳಿದ್ದ ನೀರಿಗೆ ಈ ಬಸವನಹುಳುಗಳನ್ನು ಬಿಟ್ಟು ನೋಡಿದರು. ಮರಿಗಳು ನುಗ್ಗಿ ಅವುಗಳ ಮೈ ಹೊಕ್ಕವು. ಒಳಗೆ ಒಂದು ನೂರಾಗಿ, ನೂರು ಸಾವಿರವಾಗಿ, ವಾರಗಳ ನಂತರ ಸೀಳು ಬಾಲದ ಹೊಸ ಮರಿಗಳು ಹೊರಬಂದವು. ಚರ್ಮ ಕೊರೆಯುತ್ತಿದ್ದುದು ಇವೇ. ಕೆಲವು ನಿಮಿಷ ಸಾಕು, ಬಾಲ ಕಳಚಿ ಒಳಗೆ ಹೋಗಿಬಿಡುತ್ತವೆ.

ಕಂಡುಹಿಡಿದದ್ದು ಜಪಾನಿನ ಗಡಿ ದಾಟಿತು. 1914ರಲ್ಲಿ ಬ್ರಿಟಿಷ್ ವಿಜ್ಞಾನಿ ರಾಬರ್ಟ್ ಲೈಪರ್ ಪೂರ್ವ ಏಷ್ಯಾಕ್ಕೆ ಬಂದು ಈ ಹುಳುವಿನ ಬೆನ್ನು ಹತ್ತಿದರು. ಮಹಾಯುದ್ಧ ಶುರುವಾಗಿ ಈಜಿಪ್ಟಿನಲ್ಲಿ ಬ್ರಿಟಿಷ್ ಪಡೆಗಳಿಗೆ ಇದೇ ಜಾತಿಯ ರೋಗದ ಭಯ ಕಾಡಿದಾಗ, ಸರ್ಕಾರ ಅವರನ್ನು 1915ರಲ್ಲಿ ಅಲ್ಲಿಗೆ ಕಳಿಸಿತು. ಬಿಲ್ಹಾರ್ಜ್ ಹುಳು ಕಂಡು ಅರವತ್ತು ವರ್ಷ ದಾಟಿದರೂ ಬಿಡಿಸಲಾಗದ ಒಗಟನ್ನು ಲೈಪರ್ ಕೆಲವೇ ತಿಂಗಳಲ್ಲಿ ಬಿಡಿಸಿದರು. ನೈಲ್ ಕಾಲುವೆಗಳಲ್ಲೂ ಬಸವನಹುಳುಗಳೇ ನಡುಮನೆ.

ಕಡ್ಡಿ, ಸುಣ್ಣ, ಸಿಮೆಂಟು

ಗೊತ್ತಾದದ್ದು ಇಷ್ಟು: ಬಸವನಹುಳು ಇಲ್ಲದಿದ್ದರೆ ರೋಗವಿಲ್ಲ. ಹಾಗಾದರೆ ಬಸವನಹುಳುವನ್ನು ಕೊಂದರಾಯಿತು. ಕೋಫುವಿನ ಜನ ಊಟದ ಕಡ್ಡಿಗಳನ್ನು ಹಿಡಿದು ಕಾಲುವೆಯ ದಂಡೆಗೆ ಹೊರಟರು. ಹೆಂಗಸರು, ಮಕ್ಕಳು, ಮುದುಕರು ಒಂದೊಂದೇ ಹುಳು ಹೆಕ್ಕಿ ಡಬ್ಬಿ ತುಂಬಿಸಿದರು. ಅಳೆದು ಕೊಟ್ಟವರಿಗೆ ಪ್ರಾಂತದ ಆಡಳಿತ ಚಿಲ್ಲರೆ ಕಾಸು ಕೊಡುತ್ತಿತ್ತು. ಹೆಕ್ಕಿದಷ್ಟೂ ಹುಟ್ಟುತ್ತಿದ್ದವು. 1920ರ ದಶಕದಲ್ಲಿ ಸುಟ್ಟ ಸುಣ್ಣ ಸುರಿದರು, ಬೆಂಕಿ ಹಾಯಿಸಿದರು, ಬಿಸಿನೀರು ಬಿಟ್ಟರು. ಈಗಿನ ಷೋವಾ ಪಟ್ಟಣದಲ್ಲಿ ವೈದ್ಯ ಸುಗಿಉರಾ ಕೆಂಜೊ, ಬಸವನಹುಳು ತಿನ್ನುವ ಬಾತುಗಳನ್ನೂ ಮಿಣುಕುಹುಳುಗಳನ್ನೂ ಸಾಕಿ ನೋಡಿದರು. ಅವರ ಅಳಿಯ ಸಬುರೊ ಕೂಡ ವೈದ್ಯರೇ. ಸ್ಟಿಬ್ನಾಲ್ ಎಂಬ ಆಂಟಿಮನಿ ಔಷಧದ ಚುಚ್ಚುಮದ್ದನ್ನು ಅವರು ರೋಗಿಗಳಿಗೆ ಕೊಟ್ಟರು. ಹುಳುವನ್ನು ಕೊಲ್ಲುವ ಆ ಮದ್ದು ರೋಗಿಯನ್ನೂ ಹಿಂಡುತ್ತಿತ್ತು. ವಾಂತಿ, ನೋವು ತಾಳಲಾರದೆ ಅರ್ಧಕ್ಕೆ ಬಿಟ್ಟವರಿದ್ದರು. ಪೂರ್ತಿ ತೆಗೆದುಕೊಂಡವರೂ ಮುಂದಿನ ನಾಟಿಗೆ ಮತ್ತೆ ಅದೇ ಗದ್ದೆಗೆ ಇಳಿಯುತ್ತಿದ್ದರು.

ದನಗಳ ವಿಷಯದಲ್ಲೂ ಹಾಗೆಯೇ. ಆಫ್ರಿಕದ ಮುಖ್ಯ ಹುಳುಗಳು ಹೆಚ್ಚಾಗಿ ಮನುಷ್ಯನನ್ನೇ ನೆಚ್ಚಿಕೊಂಡಿವೆ. ಜಪಾನಿನ ಹುಳು ಹಾಗಲ್ಲ. ದನ, ಎಮ್ಮೆ, ನಾಯಿ, ಬೆಕ್ಕು, ಹಂದಿ, ಇಲಿ ಸೇರಿ ಹತ್ತಾರು ಜಾತಿಯ ಸಸ್ತನಿಗಳಲ್ಲಿ ಅದು ಬದುಕುತ್ತದೆ. ಊರಿನ ಮನುಷ್ಯರನ್ನೆಲ್ಲ ಗುಣಪಡಿಸಿದರೂ ಒಂದು ಹಸು ಕಾಲುವೆಯ ದಂಡೆಯಲ್ಲಿ ಸೆಗಣಿ ಹಾಕಿತೆಂದರೆ ಸುತ್ತು ಮತ್ತೆ ಮೊದಲಿಂದ. ಹಾಗಾಗಿ ಆಸ್ಪತ್ರೆಯಲ್ಲಿ ಗೆದ್ದದ್ದು ಕೊಟ್ಟಿಗೆಯಲ್ಲಿ ಸೋತುಹೋಗುತ್ತಿತ್ತು.

ಎರಡನೆಯ ಮಹಾಯುದ್ಧ ಈ ಬಯಲಿಗೆ ಎಣಿಸದ ಅತಿಥಿಗಳನ್ನು ತಂದಿತು. 1944ರ ಕೊನೆಯಲ್ಲಿ ಫಿಲಿಪ್ಪೀನ್ಸಿನ ಲೇಟಿ ದ್ವೀಪಕ್ಕೆ ಇಳಿದ ಅಮೆರಿಕದ ಸೈನಿಕರಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಈ ರೋಗ ತಗುಲಿತ್ತು. ಯುದ್ಧ ಮುಗಿದು ಜಪಾನ್ ಅವರ ಕೈಗೆ ಬಂದಾಗ, ರೋಗವನ್ನು ಬಲ್ಲವರನ್ನು ಹುಡುಕಿಕೊಂಡು ಸೇನೆಯ ವಿಜ್ಞಾನಿಗಳು ಕೋಫುವಿಗೆ ಬಂದು, ಸುಗಿಉರಾ ಸಬುರೊ ಅವರಂಥ ಸ್ಥಳೀಯ ವೈದ್ಯರ ಜೊತೆ ಕೆಲಸ ಮಾಡಿದರು. ಪೆಂಟಾಕ್ಲೋರೊಫೀನಾಲ್ ಎಂಬ ರಾಸಾಯನಿಕದ ಲವಣವನ್ನು ಕಾಲುವೆಗಳಿಗೆ ಸಿಂಪಡಿಸುವುದು ಶುರುವಾಯಿತು. ಬಸವನಹುಳು ಸತ್ತವು, ಜೊತೆಗೆ ಮೀನೂ ಸತ್ತವು.

ಕೊನೆಗೆ ಫಲ ಕೊಟ್ಟದ್ದು ಸಿಮೆಂಟು. ಈ ಬಸವನಹುಳು ಪೂರ್ತಿ ನೀರಿನದೂ ಅಲ್ಲ, ನೆಲದ್ದೂ ಅಲ್ಲ. ಒದ್ದೆ ಕೆಸರು, ಹುಲ್ಲು, ನಿಧಾನ ಹರಿಯುವ ನೀರು ಅದಕ್ಕೆ ಬೇಕು. ಮಣ್ಣಿನ ಕಾಲುವೆಗೆ ಕಾಂಕ್ರೀಟ್ ಬಳಿದರೆ ನೀರಿಗೆ ವೇಗ ಬರುತ್ತದೆ, ದಂಡೆಯಲ್ಲಿ ಹುಲ್ಲಿರುವುದಿಲ್ಲ, ಮೊಟ್ಟೆಯಿಡಲು ಕೆಸರಿರುವುದಿಲ್ಲ. ಯುದ್ಧಾನಂತರದ ಬಡತನದಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು? ಬಯಲಿನವರು ಸರ್ಕಾರವನ್ನು ಬಿಡದೆ ಕಾಡಿದರು. 1950ರ ದಶಕದಲ್ಲಿ ಕಾನೂನು ತಿದ್ದುಪಡಿಯಾಗಿ ದೇಶದ ಬೊಕ್ಕಸದಿಂದ ಹಣ ಹರಿಯಿತು. ಹೊಲದ ಅಂಚಿನ ಗೇಣಗಲದ ಕಾಲುವೆಯಿಂದ ಹಿಡಿದು ದೊಡ್ಡ ನಾಲೆಯವರೆಗೆ ಮೂರು ದಶಕ ಕೆಲಸ ನಡೆದು, ಕಾಂಕ್ರೀಟಿನ ಒಟ್ಟು ಉದ್ದ 2,000 ಕಿಲೋಮೀಟರ್ ದಾಟಿತು.

ಸಿಮೆಂಟಿನ ಜೊತೆಗೆ ಊರೂ ಬದಲಾಯಿತು. ಉಳುವ ದನಗಳ ಜಾಗಕ್ಕೆ ಯಂತ್ರ ಬಂತು. ಮನುಷ್ಯರ ಮಲವನ್ನು ಗೊಬ್ಬರವಾಗಿ ಗದ್ದೆಗೆ ಚೆಲ್ಲುವ ಹಳೆಯ ರೂಢಿ ನಿಂತಿತು. ಭತ್ತದ ಗದ್ದೆಗಳು ದ್ರಾಕ್ಷಿ, ಪೀಚ್ ತೋಟಗಳಾದವು. ಇಂದು ಯಾಮಾನಾಶಿ ಎಂದರೆ ಜಪಾನೀಯರಿಗೆ ಹಣ್ಣಿನ ನಾಡು. ಆ ಹಣ್ಣಿನ ಹಿಂದೆ ನೀರಿಗಿಳಿಯದೆ ಬದುಕುವ ಬೇಸಾಯ ಹುಡುಕಿದ ರೈತರ ಲೆಕ್ಕಾಚಾರವೂ ಇದೆ. 1978ರ ನಂತರ ಅಲ್ಲಿ ಹೊಸ ಸೋಂಕು ಕಂಡಿಲ್ಲ. 1996ರ ಫೆಬ್ರುವರಿಯಲ್ಲಿ ಪ್ರಾಂತದ ರಾಜ್ಯಪಾಲರು ರೋಗ ಕೊನೆಗೊಂಡಿತೆಂದು ಘೋಷಿಸಿದರು. ಕಾಸುಗಾಯಿಯ ಅರ್ಜಿಯಿಂದ ಲೆಕ್ಕ ಹಾಕಿದರೆ 115 ವರ್ಷ, ಮಿಯಾಯಿರಿ ಬಸವನಹುಳುವನ್ನು ಕಂಡಲ್ಲಿಂದ 83.

ಗೆಲುವಿಗೆ ಬೆಲೆಯನ್ನೂ ತೆರಬೇಕಾಯಿತು. ಷೋವಾದ ಮಿಣುಕುಹುಳುಗಳು ಹೆಸರಾಗಿದ್ದವು, ಸರ್ಕಾರ ಅವನ್ನು ರಕ್ಷಿತ ಪಟ್ಟಿಗೆ ಸೇರಿಸಿತ್ತು. ರಾಸಾಯನಿಕ ಮತ್ತು ಕಾಂಕ್ರೀಟಿನ ನಡುವೆ ಅವು ಇಲ್ಲವಾಗಿ, ಕೊನೆಗೆ ಆ ಮಾನ್ಯತೆಯೂ ರದ್ದಾಯಿತು. ಬಸವನಹುಳುವೇ ಇಂದು ಜಪಾನಿನ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಚಿಕುಗೊ ನದಿಯ ದಂಡೆಯಲ್ಲಿ, ಮನುಷ್ಯರ ಉಳಿವಿಗಾಗಿ ಕೊಲ್ಲಲ್ಪಟ್ಟ ಆ ಹುಳುಗಳ ಹೆಸರಿನಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದವರು ಅವನ್ನು ನಿರ್ಮೂಲ ಮಾಡಲು ದುಡಿದ ಜನರೇ.

ಕೋಫುವಿನ ಆಚೆ

ಜಪಾನಿನ ಈ ಪಾಠ ಚೀನಾಕ್ಕೆ ಹೋದಾಗ ಅದರ ಅಳತೆಯೇ ಬೇರೆಯಾಯಿತು. 1950ರ ದಶಕದಲ್ಲಿ ಅಲ್ಲಿ ಒಂದು ಕೋಟಿಗೂ ಹೆಚ್ಚು ಜನರಿಗೆ ರೋಗವಿತ್ತೆಂಬ ಅಂದಾಜಿದೆ. ಲಕ್ಷಾಂತರ ರೈತರು ಗುದ್ದಲಿ ಹಿಡಿದು ಹಳೆಯ ಕಾಲುವೆ ಮುಚ್ಚಿ, ಹೊಸದು ತೋಡಿ, ಬಸವನಹುಳುಗಳನ್ನು ಮಣ್ಣಿನಡಿ ಹೂತರು. 1958ರಲ್ಲಿ ಯೂಜಿಯಾಂಗ್ ಜಿಲ್ಲೆ ರೋಗಮುಕ್ತವಾದ ಸುದ್ದಿ ಓದಿ ಮಾವೊ ಕವಿತೆಯನ್ನೇ ಬರೆದರು. ಆದರೆ ಪ್ರವಾಹ ಬಂದಾಗಲೆಲ್ಲ ಮುಳುಗಿ ಏಳುವ ಪೊಯಾಂಗ್ ಸರೋವರದ ಹುಲ್ಲುಗಾವಲಿಗೆ ಸಿಮೆಂಟು ಬಳಿಯಲಾಗದು. ಎಮ್ಮೆ ಮೇಯುವುದು ಅಲ್ಲೇ. 21ನೆಯ ಶತಮಾನದ ಆರಂಭದಲ್ಲಿ ಚೀನೀ ಸಂಶೋಧಕರು ಎಮ್ಮೆಗಳನ್ನು ಆ ಹುಲ್ಲಿನಿಂದ ದೂರವಿಟ್ಟು, ರೈತರಿಗೆ ಟ್ರ್ಯಾಕ್ಟರ್ ಕೊಟ್ಟು, ಶೌಚಾಲಯ ಕಟ್ಟಿಸಿ ನೋಡಿದರು. ಸೋಂಕು ಗಣನೀಯವಾಗಿ ಇಳಿಯಿತು. ಕೋಫುವಿನಲ್ಲಿ ತಾನಾಗಿ ಆದ ಬದಲಾವಣೆಯನ್ನು ಇಲ್ಲಿ ಬೇಕೆಂದೇ ಮಾಡಿದ್ದರು.

ಜಪಾನಿನ ಹುಳು ನಮ್ಮಲ್ಲಿ ನೆಲೆಸಿಲ್ಲ, ಅದರ ನೆಂಟರು ಇದ್ದಾರೆ. 1952ರಲ್ಲಿ ಗಾಡ್ಗೀಳ್ ಮತ್ತು ಶಾ ಎಂಬ ವೈದ್ಯರು ಕೊಂಕಣದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಪುಟ್ಟ ಹಳ್ಳಿಯಲ್ಲಿ, ಮೂತ್ರದಲ್ಲಿ ರಕ್ತ ಹೋಗುವ ರೋಗಿಗಳಲ್ಲಿ ಈ ಕುಲದ ಸೋಂಕನ್ನು ವರದಿ ಮಾಡಿದರು. ಮನುಷ್ಯರಲ್ಲಿ ಅದು ಆ ಪುಟ್ಟ ನೆಲೆಯಾಚೆ ದೊಡ್ಡದಾಗಿ ಬೆಳೆಯಲಿಲ್ಲ. ದನಗಳ ಕಥೆ ಹಾಗಲ್ಲ. 1930ರ ದಶಕದಲ್ಲಿ ಮದ್ರಾಸ್ ಪ್ರಾಂತದ ಎಂ. ಅನಂತನಾರಾಯಣ ರಾವ್ ದನಗಳ ಮೂಗಿನ ರಕ್ತನಾಳಗಳಲ್ಲಿ ವಾಸಿಸುವ ಹುಳುವೊಂದನ್ನು ವಿವರಿಸಿದರು. ಮೂಗಿನೊಳಗೆ ಮಾಂಸ ಬೆಳೆದು, ದನ ಗೊರಕೆ ಹೊಡೆಯುತ್ತ ಉಸಿರಾಡುವ ಈ ಕಾಯಿಲೆ ಕರ್ನಾಟಕದ ಪಶುವೈದ್ಯರಿಗೆ ಹೊಸದಲ್ಲ. ಕೆರೆಕಟ್ಟೆಗಳ ಬಸವನಹುಳುವೇ ಅದರ ಮಧ್ಯವರ್ತಿ. ದನ ನೀರಿಗಿಳಿದಾಗಲೇ ಅದೂ ಚರ್ಮ ಕೊರೆದು ಒಳಸೇರುತ್ತದೆ.

1970ರ ದಶಕದಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಪ್ರಾಜಿಕ್ವಾಂಟೆಲ್ ಮಾತ್ರೆ ಸ್ಟಿಬ್ನಾಲ್‌ನ ಹಿಂಸೆಯನ್ನು ಕೊನೆಗೊಳಿಸಿತು. ಒಂದೇ ದಿನದ ಚಿಕಿತ್ಸೆ, ಅಗ್ಗವೂ ಹೌದು. ಆದರೂ 2021ರಲ್ಲಿ ಜಗತ್ತಿನ 25 ಕೋಟಿಗೂ ಹೆಚ್ಚು ಜನರಿಗೆ ಈ ಕುಲದ ಹುಳುಗಳ ವಿರುದ್ಧ ಮಾತ್ರೆ ಬೇಕಾಗಿತ್ತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಬಹುಪಾಲು ಆಫ್ರಿಕದವರು. ಮಾತ್ರೆ ಮೈಯೊಳಗಿನ ಹುಳುವನ್ನು ಕೊಲ್ಲುತ್ತದೆ. ನಾಳೆ ಇಳಿಯಬೇಕಾದ ನೀರನ್ನು ಅದು ಬದಲಿಸುವುದಿಲ್ಲ. ಕೋಫುವಿನಲ್ಲಿ ಕಾರಣ ತಿಳಿಯುವ ಕೆಲಸ 1913ಕ್ಕೇ ಮುಗಿದಿತ್ತು. ಉಳಿದ 83 ವರ್ಷ ಹಿಡಿದದ್ದು ನೀರನ್ನೂ, ಕೊಟ್ಟಿಗೆಯನ್ನೂ, ಬೇಸಾಯವನ್ನೂ ಬದಲಿಸಲು. ಆ ಕೆಲಸಕ್ಕೆ ದೇಶದ ಹಣ ಬೇಕಿತ್ತು, ಊರವರ ಹಟವೂ ಬೇಕಿತ್ತು. ಎರಡೂ ಕೂಡಿ ಬಾರದ ಕಡೆ ಹುಳು ಇಂದಿಗೂ ಗೆಲ್ಲುತ್ತಿದೆ.